ಮನೆಯ ನಾಯಿ, ಮನೆಯ ಬೆಕ್ಕು, ಊರಂಚಿನ ಕಾಡುಜೀವಿ

ಮನೆಮನೆಯಲ್ಲೂ ಕಾಣುವ ಸಾಕುಪ್ರಾಣಿಗಳಲ್ಲಿ ಬೇಟೆಯ ಬುದ್ಧಿಯನ್ನು ಬಿಡದೆ ಉಳಿಸಿಕೊಂಡವು ನಾಯಿ ಮತ್ತು ಬೆಕ್ಕು. ಹೊಟ್ಟೆ ತುಂಬಿದ್ದರೂ ಅವು ಬೇಟೆಯಾಡುತ್ತವೆ. ಓಡುವುದನ್ನು ಅಟ್ಟುವುದು, ಮಿಸುಕಾಡುವುದರ ಮೇಲೆ ಎರಗುವುದು ಅವುಗಳ ಹುಟ್ಟುಗುಣ. ಕಾಡಿನ ಬೇಟೆಗಾರ ಪ್ರಾಣಿಗೆ ನಿಸರ್ಗ ಹಾಕಿರುವ ಕಡಿವಾಣ ಮಾತ್ರ ಇವಕ್ಕಿಲ್ಲ. ಇಲಿ, ಮೊಲ ಕಡಿಮೆಯಾದ ವರ್ಷ ಗುಳ್ಳೆನರಿಯ ಮರಿಗಳು ಬದುಕುವುದೂ ಕಡಿಮೆ. ನರಿಯ ಕಾಟ ತಗ್ಗಿದಾಗ ಮೊಲಗಳು ಚೇತರಿಸಿಕೊಳ್ಳುತ್ತವೆ. ನಾಯಿ ಬೆಕ್ಕುಗಳ ಸಂಖ್ಯೆಗೆ ಮೊಲದ ಹಂಗಿಲ್ಲ, ಹಕ್ಕಿಯ ಹಂಗಿಲ್ಲ. ಮನೆಯ ಊಟ ಮತ್ತು ಬೀದಿಯ ಕಸ ಅವನ್ನು ಪೊರೆಯುತ್ತವೆ. ಬೇಟೆ ಮುಗಿಯುತ್ತ ಬಂದರೂ ಬೇಟೆಗಾರ ಕಡಿಮೆಯಾಗುವುದಿಲ್ಲ. ಊರಂಚಿನ ವನ್ಯಜೀವಿಗಳ ಮೇಲೆ ಈ ಎರಡು ಪ್ರಾಣಿಗಳ ಹೊರೆ ಇಷ್ಟು ಭಾರವಾಗಲು ಇದೇ ಮೂಲ ಕಾರಣ. ಹೊಟ್ಟೆಗೆ ಹಾಕುವವರು ಮನುಷ್ಯರಾದ್ದರಿಂದ ಹೊಣೆಯೂ ಅವರದೇ.

ಜಗತ್ತಿನ ಮಟ್ಟದಲ್ಲಿ ಈ ಹೊರೆಯನ್ನು ಅಳೆಯುವ ಪ್ರಯತ್ನಗಳು ನಡೆದಿವೆ. ಹೊರಗಿನಿಂದ ಬಂದು ನೆಲೆಗೊಂಡ ಬೇಟೆಗಾರ ಸಸ್ತನಿಗಳನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಇತ್ತೀಚಿನ ಶತಮಾನಗಳಲ್ಲಿ ಅಳಿದುಹೋದ ಹಕ್ಕಿ, ಸಸ್ತನಿ, ಸರೀಸೃಪಗಳ ಪೈಕಿ 63 ಪ್ರಭೇದಗಳ ಅಳಿವಿನಲ್ಲಿ ಬೆಕ್ಕಿನ ಪಾಲಿದೆ ಎಂದು ಗುರುತಿಸಿತು. ಮರುವರ್ಷದ ಇನ್ನೊಂದು ಅಧ್ಯಯನದ ಪ್ರಕಾರ 11 ಪ್ರಭೇದಗಳ ಅಳಿವಿನಲ್ಲಿ ನಾಯಿಯ ಕೈವಾಡವಿದೆ, ಅಪಾಯದಲ್ಲಿರುವ ಇನ್ನೂ 188 ಪ್ರಭೇದಗಳಿಗೆ ಅದು ಕಂಟಕವಾಗಿದೆ. ಬೆಕ್ಕಿನಿಂದ ಅಳಿದವುಗಳಲ್ಲಿ ಹೆಚ್ಚಿನವು ದ್ವೀಪಗಳ ಜೀವಿಗಳು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪದಲ್ಲಿ 1894ರ ಸುಮಾರಿಗೆ ದೀಪಸ್ತಂಭದ ಮಂದಿಯ ಜೊತೆ ಬಂದಿಳಿದ ಬೆಕ್ಕುಗಳು ಹಾರಲಾರದ ಪುಟ್ಟ ಹಕ್ಕಿಯೊಂದನ್ನು ಕೆಲವೇ ವರ್ಷಗಳಲ್ಲಿ ಇಲ್ಲವಾಗಿಸಿದವು. ದೊಡ್ಡ ಭೂಖಂಡಗಳಲ್ಲಿ ಅಳಿವು ಇಷ್ಟು ನೇರವಾಗಿ ಕಾಣುವುದಿಲ್ಲವಾದರೂ ಸಾವಿನ ಲೆಕ್ಕ ಸಣ್ಣದಲ್ಲ. ಅಮೆರಿಕದಲ್ಲಿ ಹೊರಗೆ ತಿರುಗುವ ಬೆಕ್ಕುಗಳು ವರ್ಷಕ್ಕೆ 130 ಕೋಟಿಯಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಎಂಬುದು 2013ರ ಅಂದಾಜು.

ಭಾರತದ ಪರಿಸ್ಥಿತಿ ಬೇರೆಯದು. ಇಲ್ಲಿ ಸಾಕಿದ ನಾಯಿ ಮತ್ತು ಬೀದಿನಾಯಿಯ ನಡುವಿನ ಗೆರೆ ಬಹಳ ತೆಳು. ಹಳ್ಳಿಯ ನಾಯಿಗೆ ಒಂದು ಮನೆ ಇರುತ್ತದೆ, ಹೆಸರೂ ಇರುತ್ತದೆ, ಹಗ್ಗ ಇರುವುದಿಲ್ಲ. ಪಟ್ಟಣದ ಬೀದಿನಾಯಿಗೆ ಒಡೆಯರಿಲ್ಲ, ಆದರೆ ದಿನವೂ ಬಿಸ್ಕತ್ತು ಹಾಕುವವರಿದ್ದಾರೆ. 2019ರ ಜಾನುವಾರು ಗಣತಿ ದೇಶದಲ್ಲಿ ಸುಮಾರು 1.53 ಕೋಟಿ ಬೀದಿನಾಯಿಗಳನ್ನು ಎಣಿಸಿತು. ಕರ್ನಾಟಕದ ಪಾಲು 11 ಲಕ್ಷಕ್ಕೂ ಹೆಚ್ಚು. ಮನೆಯವರಿದ್ದೂ ಬಿಟ್ಟು ತಿರುಗುವ ನಾಯಿಗಳು ಇದಕ್ಕೆ ಹೊರತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಅಬಿ ತಮೀಮ್ ವನಕ್ ಮತ್ತು ಅವರ ಸಹಸಂಶೋಧಕರು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ನಾಯಿಗಳು ದಾಳಿ ಮಾಡಿದ 80 ವನ್ಯ ಪ್ರಭೇದಗಳ ದಾಖಲೆ ಸಿಕ್ಕಿತು. ಅವುಗಳಲ್ಲಿ 31 ಅಪಾಯದ ಪಟ್ಟಿಯಲ್ಲಿರುವಂಥವು. ವರದಿಯಾದ ಘಟನೆಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ನಡೆದದ್ದು ರಕ್ಷಿತಾರಣ್ಯಗಳ ಒಳಗೆ ಅಥವಾ ಅವುಗಳ ಆಸುಪಾಸಿನಲ್ಲಿ.

ವಿಶಾಖಪಟ್ಟಣದ ಮರಳು, ಕೃಷ್ಣೆಯ ಮುಖಜಭೂಮಿ

ಆಂಧ್ರದ ಕರಾವಳಿಯಲ್ಲಿ ನಾಯಿಗಳ ಈ ಹೊರೆ ಅತ್ಯಂತ ತೀವ್ರವಾಗಿ ಕಾಣುವುದು ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುವ ತಿಂಗಳುಗಳಲ್ಲಿ. ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯಾ ತೀರಗಳಲ್ಲಿ ಅವು ಲಕ್ಷಗಟ್ಟಲೆ ಒಟ್ಟಾಗಿ ಬರುತ್ತವೆ. ಅಲ್ಲಿ ನಾಯಿಗಳು, ನರಿಗಳು ಎಷ್ಟು ತಿಂದರೂ ಉಳಿಯುವುದೇ ಹೆಚ್ಚು. ಆಂಧ್ರದ ದಡದಲ್ಲಿ ಆಮೆಗಳು ಒಂದೊಂದಾಗಿ, ಚದುರಿದಂತೆ ಮೇಲೇರುತ್ತವೆ. ಒಂಟಿ ಗೂಡಿಗೆ ಗುಂಪಿನ ರಕ್ಷಣೆ ಇಲ್ಲ. ಹೆಣ್ಣಾಮೆ ರಾತ್ರಿ ಬಂದು, ಹಿಂಗಾಲುಗಳಿಂದ ಮರಳಿನಲ್ಲಿ ಕುಳಿ ತೋಡಿ, ನೂರು ನೂರಿಪ್ಪತ್ತು ಮೊಟ್ಟೆಯಿಟ್ಟು, ಮುಚ್ಚಿ ಕಡಲಿಗೆ ಮರಳುತ್ತದೆ. ಮರಿಗಳು ಹೊರಬರಲು 45ರಿಂದ 60 ದಿನ ಬೇಕು. ಅಷ್ಟು ದಿನ ಆ ಕುಳಿಗೆ ಕಾವಲಿಲ್ಲ. ಹೊಸ ಗೂಡಿನ ವಾಸನೆ ಹಿಡಿಯುವುದು ನಾಯಿಗೆ ಕಷ್ಟವೇ ಅಲ್ಲ. ಆಮೆ ಕಡಲಿಗಿಳಿದ ರಾತ್ರಿಯೇ ಬಗೆದು ತಿಂದರೆ ಬೆಳಗಾಗುವುದರೊಳಗೆ ಮರಳಿನ ಮೇಲೆ ಚಿಪ್ಪುಗಳು ಮಾತ್ರ ಉಳಿದಿರುತ್ತವೆ. ಮೊಟ್ಟೆಯೊಡೆದು ಹೊರಬಂದ ಮರಿಗಳದು ಇನ್ನೊಂದು ಸಂಕಟ. ಬೀಚ್ ರಸ್ತೆಯ ದೀಪಗಳನ್ನು ಕಡಲಿನ ಹೊಳಪೆಂದು ತಿಳಿದು ಅವು ಊರಿನ ಕಡೆಗೆ ತೆವಳುತ್ತವೆ, ಅಲ್ಲಿ ನಾಯಿಗಳಿರುತ್ತವೆ.

ಈ ಕಾರಣಕ್ಕೇ ವಿಶಾಖಪಟ್ಟಣದ ಆರ್.ಕೆ. ಬೀಚಿನಿಂದ ಭೀಮಿಲಿಯ ಕಡೆಗೆ ಸಾಗುವ ತೀರದಲ್ಲಿ, ಜೋಡುಗುಳ್ಳಪಾಲೆಂನಂಥ ಮೀನುಗಾರರ ಊರುಗಳ ಹತ್ತಿರ, ಅರಣ್ಯ ಇಲಾಖೆ ಬೇಲಿ ಹಾಕಿದ ಹ್ಯಾಚರಿಗಳನ್ನು ನಡೆಸುತ್ತ ಬಂದಿದೆ. ರಾತ್ರಿ ದಡದಲ್ಲಿ ನಡೆದು ಗೂಡುಗಳನ್ನು ಗುರುತಿಸಿ, ಕೆಲವು ಗಂಟೆಗಳೊಳಗೆ ಮೊಟ್ಟೆಗಳನ್ನು ಎತ್ತಿ ತಂದು, ಬೇಲಿಯೊಳಗೆ ಅಷ್ಟೇ ಆಳದಲ್ಲಿ ಮತ್ತೆ ಹೂಳುತ್ತಾರೆ. ತಡವಾದರೆ ಮೊಟ್ಟೆಯೊಳಗಿನ ಭ್ರೂಣ ಅಲುಗಾಟ ತಾಳುವುದಿಲ್ಲ. ದಡದ ಕೊರೆತ, ಮೊಟ್ಟೆ ಕದಿಯುವ ಜನ, ಬೆಳಕು, ಹೀಗೆ ಹ್ಯಾಚರಿಗೆ ಬೇರೆ ಕಾರಣಗಳೂ ಇವೆ. ನಾಯಿಗಳ ಕಾಟ ಅವುಗಳಲ್ಲಿ ಮುಖ್ಯವಾದದ್ದು. ಆದರೆ ಆಮೆ ತಾನೇ ಆರಿಸಿದ ಜಾಗದಲ್ಲಿ ಮೊಟ್ಟೆ ಇರುವುದೇ ಮೇಲು. ಮರಳಿನ ಬಿಸಿ ಮರಿ ಹೆಣ್ಣೋ ಗಂಡೋ ಎಂಬುದನ್ನು ತೀರ್ಮಾನಿಸುತ್ತದೆ, ಹೆಚ್ಚು ಬಿಸಿಯಾದರೆ ಹೆಣ್ಣುಗಳೇ ಹೆಚ್ಚು. ಒಂದೇ ಜಾಗದಲ್ಲಿ ಎಲ್ಲವನ್ನೂ ಹೂಳುವ ಹ್ಯಾಚರಿ ಈ ವೈವಿಧ್ಯವನ್ನು ಕುಗ್ಗಿಸುವ ಅಪಾಯವಿದೆ. ದಡದಲ್ಲಿ ನಾಯಿಗಳು ಕಡಿಮೆ ಇದ್ದರೆ ಹೆಚ್ಚು ಗೂಡುಗಳನ್ನು ಇದ್ದಲ್ಲಿಯೇ ಬಿಡಬಹುದು.

ವಿಶಾಖಪಟ್ಟಣದಲ್ಲಿ 1990ರ ದಶಕದಲ್ಲಿ ಹುಟ್ಟಿದ ಪ್ರಾಣಿದಯಾ ಸಂಸ್ಥೆ ವಿಎಸ್‌ಪಿಸಿಎ ಈ ಎರಡು ತುದಿಗಳನ್ನೂ ಹಿಡಿದದ್ದು ಗಮನಿಸಬೇಕಾದ ಸಂಗತಿ. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡುತ್ತಿದ್ದ ಸಂಸ್ಥೆಯೇ ಕಡಲಾಮೆಗಳ ಗೂಡು ಕಾಯುವ ಕೆಲಸವನ್ನೂ ಕೈಗೆತ್ತಿಕೊಂಡಿತು. ನಾಯಿಯ ಪರವಾಗಿರುವವರು ವನ್ಯಜೀವಿಯ ವಿರೋಧಿಗಳೆಂದೂ ವನ್ಯಜೀವಿಪ್ರಿಯರಿಗೆ ನಾಯಿ ಕಂಡರಾಗದೆಂದೂ ಎರಡು ಬಣ ಕಟ್ಟಿ ನಡೆಯುವ ವಾಗ್ವಾದಕ್ಕೆ ಈ ಉದಾಹರಣೆಯೇ ಉತ್ತರವಾಗಬಲ್ಲದು. ಅದೇ ನಗರದ ಋಷಿಕೊಂಡ ಬೀಚ್ 2020ರಲ್ಲಿ ಶುಚಿಯಾದ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದು 2025ರಲ್ಲಿ ಅದನ್ನು ಕೆಲಕಾಲ ಕಳೆದುಕೊಂಡಾಗ, ಕಸದ ಜೊತೆಗೆ ಬೀದಿನಾಯಿಗಳ ಓಡಾಟವೂ ಕಾರಣಗಳ ಪಟ್ಟಿಯಲ್ಲಿತ್ತು. ಕಸ ಮತ್ತು ನಾಯಿ ಒಟ್ಟಿಗೇ ಬರುತ್ತವೆ, ಹೋಗುವುದಾದರೂ ಒಟ್ಟಿಗೇ.

ನಗರದ ಬೆನ್ನಿಗಿರುವ ಕಂಬಾಲಕೊಂಡ ಅಭಯಾರಣ್ಯ ಸುಮಾರು 71 ಚದರ ಕಿಲೋಮೀಟರಿನ ಪೂರ್ವಘಟ್ಟದ ಕಾಡು. ಒಂದು ಕಡೆ ಮೃಗಾಲಯ, ಇನ್ನೊಂದು ಕಡೆ ಹೆದ್ದಾರಿ, ಸುತ್ತ ಬೆಳೆಯುತ್ತಿರುವ ಬಡಾವಣೆಗಳು. ಜಿಂಕೆ, ಕಾಡುಕುರಿ, ನರಿ, ಚಿರತೆ ಇರುವ ಇಷ್ಟು ಸಣ್ಣ ಕಾಡಿಗೆ ಬೇಲಿಯಾಚೆಯ ನಾಯಿಗಳು ಒಂದೇ ರಾತ್ರಿಯಲ್ಲಿ ಒಳಹೊಕ್ಕು ಹೊರಬರಬಲ್ಲವು. ಕಾಡು ಚಿಕ್ಕದಾದಷ್ಟೂ ವಿಸ್ತೀರ್ಣದ ಲೆಕ್ಕದಲ್ಲಿ ಅದರ ಅಂಚು ಉದ್ದ, ಅಂಚು ಉದ್ದವಾದಷ್ಟೂ ನಾಯಿಯ ಕೈಗೆಟುಕದ ಒಳಭಾಗ ಕಡಿಮೆ.

ದಕ್ಷಿಣಕ್ಕೆ, ಕೃಷ್ಣಾ ನದಿ ಕಡಲು ಸೇರುವ ನಾಗಾಯಲಂಕದ ಸುತ್ತ, ಕಾಂಡ್ಲಾ ಕಾಡುಗಳ ಕೃಷ್ಣಾ ವನ್ಯಜೀವಿ ಅಭಯಾರಣ್ಯವಿದೆ. ಅಲ್ಲಿನ ಮರಳದಿಬ್ಬಗಳಲ್ಲೂ ಕಡಲಾಮೆ ಮೊಟ್ಟೆಯಿಡುತ್ತದೆ; ಗೂಡು ಕಾಯುವ ಕೆಲಸದಲ್ಲಿ ಆ ನೆಲವನ್ನು ಚೆನ್ನಾಗಿ ಬಲ್ಲ ಯಾನಾದಿ ಸಮುದಾಯದವರು ಅರಣ್ಯ ಇಲಾಖೆಗೆ ನೆರವಾಗುತ್ತಾರೆ. ಮೀನು ಹಿಡಿದು ಬದುಕುವ ಅಪರೂಪದ ಕಾಡುಬೆಕ್ಕು, ತೆಲುಗಿನವರು ಬಾವುರು ಪಿಲ್ಲಿ ಎನ್ನುವ ಫಿಶಿಂಗ್ ಕ್ಯಾಟ್, ಇರುವ ನೆಲೆಯೂ ಇದೇ. ಸುತ್ತಮುತ್ತ ಸಿಗಡಿ ಕೆರೆಗಳು ಹಬ್ಬಿದಂತೆ ಕಾವಲಿನ ನಾಯಿಗಳೂ ಅವುಗಳ ಜೊತೆ ಬರುತ್ತವೆ. ಕಾವಲಿಗೆ ನಾಯಿ ಬೇಕೆನ್ನುವುದು ರೈತರ ನ್ಯಾಯವಾದ ಅಗತ್ಯ. ಆ ನಾಯಿ ರಾತ್ರಿ ತನ್ನ ಕೆರೆಯ ಏರಿಯಲ್ಲಿಯೇ ಇರಬೇಕು, ಅದಕ್ಕೆ ಲಸಿಕೆ ಆಗಿರಬೇಕು ಎಂಬುದಷ್ಟೇ ಇಲ್ಲಿ ಕೇಳುವ ಮಾತು.

ಹುಲ್ಲುಗಾವಲಿನ ಕಥೆ

ಕರ್ನಾಟಕದ ಕರಾವಳಿಯಲ್ಲೂ, ಹೊನ್ನಾವರದ ಕಾಸರಕೋಡು, ಕಾರವಾರದ ದೇವಬಾಗ ಕಡೆಯ ದಡಗಳಲ್ಲಿ, ಗೂಡುಗಳಿಗೆ ಬಲೆಯ ಬೇಲಿ ಹಾಕಿ ಕಾಯುವ ಕೆಲಸ ನಡೆಯುತ್ತದೆ. ಆದರೆ ಕರ್ನಾಟಕದಲ್ಲಿ ನಾಯಿಗಳ ಹೊರೆ ಹೆಚ್ಚು ಬಿದ್ದಿರುವುದು ಬಯಲುಸೀಮೆಯ ಹುಲ್ಲುಗಾವಲುಗಳ ಮೇಲೆ. ಸರ್ಕಾರಿ ಕಾಗದಗಳಲ್ಲಿ ಇವು ಬಹುಕಾಲ ಪಾಳುಭೂಮಿ ಎಂದೇ ಬರೆಯಲ್ಪಟ್ಟವು. ಕಾಡಿನ ಮರಗಳ ನಡುವೆ ಸಿಗುವ ಮರೆ ಇಲ್ಲಿನ ಪ್ರಾಣಿಗಳಿಗಿಲ್ಲ. ಹುಲ್ಲೇ ಅವುಗಳ ಮರೆ. ಕೃಷ್ಣಮೃಗದ ತಾಯಿ ಎಳೆಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಮೇಯಲು ಹೋಗುತ್ತದೆ. ಮರಿ ಅಲುಗದೆ ಬಿದ್ದಿರುತ್ತದೆ. ಕಣ್ಣಿನಿಂದ ಹುಡುಕುವ ಶತ್ರುವಿಗೆ ಅದು ಕಾಣದು, ಮೂಗಿನಿಂದ ಹುಡುಕುವ ನಾಯಿಗೆ ಸಿಕ್ಕಿಬಿಡುತ್ತದೆ. ರಾಣೆಬೆನ್ನೂರಿನ ಅಭಯಾರಣ್ಯಕ್ಕೂ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಸಂರಕ್ಷಣಾ ಮೀಸಲಿಗೂ ಊರುಗಳು ಒತ್ತಿಕೊಂಡಿವೆ. ಬೆಂಗಳೂರಿನ ಮಗ್ಗುಲ ಹೆಸರಘಟ್ಟದ ಹುಲ್ಲುಗಾವಲಿಗಂತೂ ನಗರವೇ ನೆರೆ.

ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಪಾಡು ಇನ್ನೂ ಕಠಿಣ. ಟಿಟ್ಟಿಭ, ಬಾನಾಡಿ, ಗೌಜಲಹಕ್ಕಿ ಎಲ್ಲವೂ ಬರಿನೆಲದಲ್ಲಿ ಮೊಟ್ಟೆಯಿಡುತ್ತವೆ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಸಾಮಾನ್ಯವಾಗಿ ಒಂದು ಋತುವಿಗೆ ಒಂದೇ ಮೊಟ್ಟೆಯಿಡುತ್ತದೆ. ಗಡಿಯಾಚೆ ಆಂಧ್ರದ ರೊಳ್ಳಪಾಡು ಅಭಯಾರಣ್ಯ ಈ ಹಕ್ಕಿಗೆಂದೇ 1988ರಲ್ಲಿ ಘೋಷಣೆಯಾದದ್ದು. ಅಲ್ಲಿ ಈಗ ಹಕ್ಕಿ ಕಾಣದಾಗಿದೆ. ಎರೆಭೂತದ ಅವನತಿಗೆ ನೀರಾವರಿ, ಬೆಳೆ ಬದಲಾವಣೆ, ವಿದ್ಯುತ್ ತಂತಿಗಳು ದೊಡ್ಡ ಕಾರಣಗಳು. ಇಡೀ ಪ್ರಭೇದ ನೂರೈವತ್ತರ ಆಸುಪಾಸಿಗೆ ಇಳಿದಿರುವಾಗ ನಾಯಿಯ ಬಾಯಿಗೆ ಬಿದ್ದ ಒಂದು ಮೊಟ್ಟೆಯೂ ತುಂಬಲಾಗದ ನಷ್ಟ.

ಕೊಲ್ಲದೆಯೂ ನಾಯಿ ಹಾನಿ ಮಾಡಬಲ್ಲದು. ಮಹಾರಾಷ್ಟ್ರದ ಸೊಲ್ಲಾಪುರದ ಹತ್ತಿರ ನಾನ್ನಜ್ ಹುಲ್ಲುಗಾವಲಿನಲ್ಲಿ ವನಕ್ ಮತ್ತು ಮ್ಯಾಥ್ಯೂ ಗಾಂಪರ್ ನಡೆಸಿದ ಅಧ್ಯಯನದಲ್ಲಿ ನಾಯಿಗಳ ಆಹಾರದಲ್ಲಿ ಹೆಚ್ಚಿನದು ಮನುಷ್ಯರಿಂದ ಸಿಕ್ಕಿದ್ದೇ ಆಗಿತ್ತು. ಗುಳ್ಳೆನರಿಗೂ ಅವಕ್ಕೂ ಊಟದಲ್ಲಿ ದೊಡ್ಡ ಪೈಪೋಟಿಯೇನೂ ಇರಲಿಲ್ಲ. ಆದರೂ ನಾಯಿಗಳು ತಿರುಗಾಡುವ ಕಡೆಯಿಂದ ನರಿಗಳು ದೂರ ಸರಿಯುತ್ತಿದ್ದವು, ಆಹಾರವಿದ್ದ ಜಾಗವನ್ನೂ ಬಿಟ್ಟುಕೊಡುತ್ತಿದ್ದವು. ಸತ್ತ ಪ್ರಾಣಿ ಎಣಿಕೆಗೆ ಸಿಗುತ್ತದೆ. ಹೆದರಿ ಹಸಿದು ಉಳಿದ ಪ್ರಾಣಿ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಮುಧೋಳ ನಾಯಿಯ ಹೆಮ್ಮೆಯ ನಾಡಿನಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಉದ್ದ ಕಾಲು, ಸಣ್ಣ ನಡು, ದೂರದ ಚಲನೆ ಹಿಡಿಯುವ ಕಣ್ಣು, ಇವೆಲ್ಲ ಮೊಲ ಅಟ್ಟುವುದಕ್ಕೆಂದೇ ತಲೆಮಾರುಗಳ ಕಾಲ ಆಯ್ದು ಬೆಳೆಸಿದ ಗುಣಗಳು. ಮುಧೋಳದ ಹತ್ತಿರದ ತಿಮ್ಮಾಪುರದ ಸಂಶೋಧನಾ ಕೇಂದ್ರ ತಳಿಯನ್ನು ಉಳಿಸುವ ಒಳ್ಳೆಯ ಕೆಲಸ ಮಾಡುತ್ತಿದೆ, ಸೇನೆಯೂ ಈ ನಾಯಿಯನ್ನು ಬಳಸಿ ನೋಡಿದೆ. ಇಂಥ ನಾಯಿಯನ್ನು ಸಾಕುವವರು ಅದರ ಓಟದ ಹಸಿವನ್ನು ಬೇಲಿಯೊಳಗಿನ ಬಯಲಿನಲ್ಲಿ ತಣಿಸಬೇಕು. ಹೊಲದಲ್ಲಿ ಬಿಟ್ಟು ಮೊಲಕ್ಕೆ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ. ಪ್ರಾಣಿಯನ್ನು ಅಟ್ಟುವುದು, ಹಿಡಿಯುವುದು, ಬಲೆಗೆ ಕೆಡಹುವುದು ಎಲ್ಲವೂ ಕಾಯ್ದೆಯ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತವೆ. ಕುರುಬರ ಹಟ್ಟಿಯ ನಾಯಿಯ ವಿಷಯ ಬೇರೆ. ಅದು ತೋಳದಿಂದ ಕುರಿಯನ್ನು ಕಾಯುತ್ತದೆ, ಕುರಿ ಉಳಿದರೆ ತೋಳಕ್ಕೆ ವಿಷವಿಡುವ ಸಿಟ್ಟೂ ಹುಟ್ಟುವುದಿಲ್ಲ. ಒಳ್ಳೆಯ ಕಾವಲು ನಾಯಿ ತೋಳದ ರಕ್ಷಣೆಗೂ ಒದಗುತ್ತದೆ.

ರೋಗ, ಬೆರಕೆ, ಚಿರತೆ

ಕಣ್ಣಿಗೆ ಕಾಣದ ಹಾನಿ ರೋಗದ್ದು. ಕೆನೈನ್ ಡಿಸ್ಟೆಂಪರ್ ವೈರಸ್ ನಾಯಿಮರಿಗಳನ್ನು ಕೊಲ್ಲುವ ಹಳೆಯ ಕಾಯಿಲೆ. ಅದೇ ವೈರಸ್ 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹಗಳನ್ನು, ಅಲ್ಲಿನ ಮೂರನೆಯ ಒಂದು ಭಾಗವನ್ನು, ಬಲಿ ತೆಗೆದುಕೊಂಡಿತು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿಯೂ ಇದೇ ವೈರಸ್ ಪತ್ತೆಯಾಯಿತು. ಇಥಿಯೋಪಿಯಾದ ಬೇಲ್ ಪರ್ವತಗಳಲ್ಲಿ ಉಳಿದಿರುವ ಕೆಲವೇ ನೂರು ತೋಳಗಳನ್ನು ಹಳ್ಳಿನಾಯಿಗಳ ರೇಬಿಸ್ ಮತ್ತೆ ಮತ್ತೆ ಬಡಿದಿದೆ. ಬೆಕ್ಕುಗಳ ಪ್ಯಾನ್‌ಲ್ಯುಕೊಪೀನಿಯ ಕಾಡಿನ ಬೆಕ್ಕುಜಾತಿಗೂ ಹರಡುವಂಥದು. ನಾನ್ನಜ್ ಸುತ್ತಲ ಹಳ್ಳಿಗಳ ನಾಯಿಗಳ ರಕ್ತ ಪರೀಕ್ಷಿಸಿದಾಗ ಬಹುಪಾಲು ನಾಯಿಗಳು ಡಿಸ್ಟೆಂಪರ್, ಪಾರ್ವೊ ವೈರಸ್‌ಗಳಿಗೆ ಎಂದೋ ಒಡ್ಡಿಕೊಂಡಿದ್ದುದು ತಿಳಿಯಿತು. ಅಂದರೆ ರೋಗ ಹಳ್ಳಿಯಲ್ಲಿ ಸದಾ ಹೊಗೆಯಾಡುತ್ತಲೇ ಇರುತ್ತದೆ.

ಬೆರಕೆಯ ಸಮಸ್ಯೆ ಹೊಸದಾಗಿ ಗಮನಕ್ಕೆ ಬಂದದ್ದು. ತೋಳ ಮತ್ತು ನಾಯಿ ಕೂಡಿ ಮರಿ ಹಾಕಬಲ್ಲವು, ಆ ಮರಿಗಳೂ ಸಂತಾನಶಕ್ತಿಯುಳ್ಳವು. ಪುಣೆಯ ಹತ್ತಿರ ಕಂಡ ವಿಚಿತ್ರ ಮೈಬಣ್ಣದ ಪ್ರಾಣಿ ಇಂಥ ಬೆರಕೆಯೇ ಎಂಬುದು 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ಖಚಿತವಾಯಿತು. ಕೊಪ್ಪಳ, ಬಳ್ಳಾರಿ ಕಡೆಯ ಕುರುಚಲು ಬೆಟ್ಟಗಳಲ್ಲಿ ತೋಳಗಳು ವಿರಳವಾಗುತ್ತ ಹೋದರೆ ಜೋಡಿ ಸಿಗದ ತೋಳ ನಾಯಿಯ ಬಳಿ ಹೋಗುವ ಸಂಭವವೂ ಹೆಚ್ಚುತ್ತದೆ. ಕಬ್ಬಿನ ಗದ್ದೆಗಳ ಕಾಡುಬೆಕ್ಕು ಮತ್ತು ಮನೆಬೆಕ್ಕಿನ ನಡುವೆಯೂ ಬೆರಕೆ ಸಾಧ್ಯ.

ಚಿರತೆಯದು ಮೂರನೆಯ ಎಳೆ. ಮಹಾರಾಷ್ಟ್ರದ ಅಂದಿನ ಅಹ್ಮದ್‌ನಗರ ಜಿಲ್ಲೆಯ ಹೊಲಗದ್ದೆಗಳಲ್ಲಿ ಬದುಕುವ ಚಿರತೆಗಳ ಆಹಾರವನ್ನು ಪರಿಶೀಲಿಸಿದ ವಿದ್ಯಾ ಅತ್ರೇಯ ಮತ್ತು ಸಂಗಡಿಗರು, ಅದರಲ್ಲಿ ಸುಮಾರು ಶೇ 39 ನಾಯಿ, ಶೇ 15 ಬೆಕ್ಕು ಎಂದು ಕಂಡರು. ಮೈಸೂರು, ತುಮಕೂರು, ಬೆಂಗಳೂರಿನ ಹೊರವಲಯಗಳಲ್ಲಿ ಚಿರತೆ ಅಂಗಳಕ್ಕೆ ಬಂತೆಂಬ ಸುದ್ದಿಯ ಹಿಂದೆ ಬಹುಸಲ ಕಟ್ಟದೆ ಬಿಟ್ಟ ನಾಯಿ ಇರುತ್ತದೆ. ಹೀಗೆ ಬಂದ ಚಿರತೆ ಬೋನಿಗೆ ಬೀಳುತ್ತದೆ, ಕೆಲವೊಮ್ಮೆ ಜನರ ಕೈಗೆ ಸಿಕ್ಕು ಸಾಯುತ್ತದೆ. ರಾತ್ರಿ ನಾಯಿಯನ್ನು ಭದ್ರವಾದ ಗೂಡಿನಲ್ಲಿ ಮಲಗಿಸಿದರೆ ನಾಯಿಯೂ ಉಳಿಯುತ್ತದೆ, ಚಿರತೆಯೂ ಉಳಿಯುತ್ತದೆ.

ಪಟಮಟದ ಹಿತ್ತಲು

ನಗರದ ಒಳಗೆ ಮುಖ್ಯ ಪಾತ್ರ ಬೆಕ್ಕಿನದು. ವಿಜಯವಾಡದ ಪಟಮಟ ಒಂದು ಕಾಲದ ಹಳ್ಳಿ. ಬಂದರು ರಸ್ತೆಯ ಎರಡು ಮಗ್ಗುಲಲ್ಲಿ ಬೆಳೆದು ಈಗ ಅಪಾರ್ಟ್‌ಮೆಂಟುಗಳು, ರೈತು ಬಜಾರ್, ಹಳೆಯ ಮನೆಗಳ ಹಿತ್ತಲುಗಳು ಒಟ್ಟಿಗೇ ಇರುವ ಬಡಾವಣೆ. ಊರಿನ ನಡುವೆ ಏಲೂರು, ರೈವ್ಸ್, ಬಂದರು ಕಾಲುವೆಗಳು ಹರಿಯುತ್ತವೆ, ಮಗ್ಗುಲಲ್ಲೇ ಕೃಷ್ಣೆ. ಇಂಥ ಊರಿನ ವನ್ಯಜೀವಿ ಎಂದರೆ ಹಿತ್ತಲ ಸಿಂಪಿಗ, ಸೂರಕ್ಕಿ, ಪಿಕಳಾರ, ಮಡಿವಾಳ ಹಕ್ಕಿ, ಅಳಿಲು, ಓತಿಕ್ಯಾತ, ಹಾವುರಾಣಿ, ಕಪ್ಪೆ ಮತ್ತು ಕಾಲುವೆ ದಂಡೆಯ ಹುಂಡುಕೋಳಿ. ಯಾವ ಅಭಯಾರಣ್ಯದ ಪಟ್ಟಿಯಲ್ಲೂ ಇವುಗಳಿಗೆ ದೊಡ್ಡ ಹೆಸರಿಲ್ಲ. ಆದರೆ ಮಕ್ಕಳು ಮೊದಲು ನೋಡಿ ಬೆಳೆಯುವ ಕಾಡುಜೀವಿಗಳು ಇವೇ, ಸೊಳ್ಳೆ ಹುಳುಗಳನ್ನು ಹದ್ದಿನಲ್ಲಿಡುವವೂ ಇವೇ. ಬೆಕ್ಕಿಗೆ ಸುಲಭವಾಗಿ ಸಿಗುವ ಬೇಟೆಯೂ ಇವೇ.

ಭಾರತದಲ್ಲಿ ಬೆಕ್ಕಿನ ಬೇಟೆಯ ಅಧ್ಯಯನ ಕಡಿಮೆ. ಹೊರದೇಶಗಳ ಕೆಲಸ ಇಲ್ಲಿಗೂ ದಾರಿ ತೋರುತ್ತದೆ. ಆರು ದೇಶಗಳ 925 ಸಾಕುಬೆಕ್ಕುಗಳಿಗೆ ಜಿಪಿಎಸ್ ಕಟ್ಟಿ ನೋಡಿದ 2020ರ ಅಧ್ಯಯನದಲ್ಲಿ ಹೆಚ್ಚಿನ ಬೆಕ್ಕುಗಳು ಮನೆಯಿಂದ ನೂರು ಮೀಟರಿಗಿಂತ ದೂರ ಹೋಗುತ್ತಿರಲಿಲ್ಲ. ಕೇಳಲು ಸಮಾಧಾನಕರ ಎನಿಸಬಹುದು. ಆದರೆ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟೊಂದು ಬೆಕ್ಕುಗಳು ಇರುವುದರಿಂದ ಅಲ್ಲಿನ ಸಣ್ಣ ಜೀವಿಗಳ ಮೇಲೆ ಅದೇ ಗಾತ್ರದ ಕಾಡುಪ್ರಾಣಿಗಿಂತ ಎರಡರಿಂದ ಹತ್ತು ಪಟ್ಟು ಹೆಚ್ಚು ಒತ್ತಡ ಬೀಳುತ್ತಿತ್ತು.

ಇಲಿ ಹಿಡಿಯಲು ಬೆಕ್ಕು ಬೇಕೆಂಬ ವಾದ ಹಳೆಯದು. ಕಣಜದ ಇಲಿಮರಿಗೆ, ಸುಂಡಿಲಿಗೆ ಅದು ನಿಜವೂ ಹೌದು. ಚರಂಡಿಯ ದೊಡ್ಡ ಹೆಗ್ಗಣದ ಮಟ್ಟಿಗೆ ಆ ಮಾತು ನಿಲ್ಲುವುದಿಲ್ಲ. ನ್ಯೂಯಾರ್ಕಿನ ಕಸ ವಿಂಗಡಣೆ ಕೇಂದ್ರವೊಂದರಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದಾಗ ಬೆಕ್ಕುಗಳು ಕೊಂದ ಹೆಗ್ಗಣಗಳು ಎರಡೇ. ಕೃಷ್ಣಾ ಮುಖಜಭೂಮಿಯ ಭತ್ತದ ಗದ್ದೆಗಳಲ್ಲಿ ಇಲಿಯನ್ನು ಹದ್ದಿನಲ್ಲಿಡುವವರಲ್ಲಿ ಕೇರೆಹಾವು, ಕಣಜದ ಗೂಬೆ, ಕಾಡುಬೆಕ್ಕು ಪ್ರಮುಖರು. ಅವುಗಳನ್ನು ಉಳಿಸಿಕೊಳ್ಳುವುದೇ ರೈತನಿಗೆ ಹೆಚ್ಚು ಲಾಭ.

ಮನೆಯವರ ಕೆಲಸ

ಬೆಕ್ಕನ್ನು ಮನೆಯೊಳಗೆ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ನೇರವಾದ ದಾರಿ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ 2022ರ ಜುಲೈನಿಂದ ಹೊಸದಾಗಿ ಸಾಕುವ ಬೆಕ್ಕುಗಳಿಗೆ ಇದು ಕಾನೂನೇ ಆಗಿದೆ. ಅಪಾರ್ಟ್‌ಮೆಂಟಿನಲ್ಲಿ ಬಾಲ್ಕನಿಗೆ ಬಲೆ ಕಟ್ಟಿಸುವುದು ಕಷ್ಟವಲ್ಲ, ಎತ್ತರದಿಂದ ಬಿದ್ದು ಬೆಕ್ಕು ಸಾಯುವುದೂ ಅದರಿಂದ ತಪ್ಪುತ್ತದೆ. ತಟ್ಟೆಯಲ್ಲಿ ಮರಳು, ಹತ್ತಲು ಒಂದು ಕಂಬ, ಕಿಟಕಿಯ ಬಿಸಿಲು, ದಿನಕ್ಕೆ ಸ್ವಲ್ಪ ಆಟ ಇದ್ದರೆ ಒಳಗಿನ ಬೆಕ್ಕು ಆರೋಗ್ಯವಾಗಿ ಬಾಳುತ್ತದೆ. ಪೂರ್ತಿ ಒಳಗಿಡಲಾಗದ ಹಳ್ಳಿಮನೆಗಳಲ್ಲಿ ಸಂಜೆಯಿಂದ ಬೆಳಗಿನವರೆಗಾದರೂ ಒಳಗಿಡಬೇಕು. ಹಕ್ಕಿಗಳು ಮರಿ ಮಾಡುವ ತಿಂಗಳುಗಳಲ್ಲಿ ಹಗಲಿನಲ್ಲೂ ಎಚ್ಚರ ಬೇಕು.

ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ 2021ರ ಪ್ರಯೋಗ ಇಲ್ಲಿ ಬಹಳ ಉಪಯುಕ್ತ. ಧಾನ್ಯವಿಲ್ಲದ, ಮಾಂಸದ ಪ್ರೋಟೀನ್ ಹೆಚ್ಚಿರುವ ಆಹಾರ ಕೊಟ್ಟಾಗ ಬೆಕ್ಕುಗಳು ಮನೆಗೆ ತರುವ ಬೇಟೆ ಶೇ 36ರಷ್ಟು ಇಳಿಯಿತು. ದಿನಕ್ಕೆ ಐದರಿಂದ ಹತ್ತು ನಿಮಿಷ ಗರಿ ಕಟ್ಟಿದ ಕೋಲಿನಿಂದ ಆಡಿಸಿದಾಗ ಶೇ 25 ಇಳಿಯಿತು. ಹಕ್ಕಿಗಳ ಕಣ್ಣಿಗೆ ಬೀಳುವ ಬಣ್ಣದ ಕೊರಳಪಟ್ಟಿ ಹಕ್ಕಿಗಳ ಸಾವನ್ನು ಶೇ 42 ತಗ್ಗಿಸಿತು. ಗಂಟೆ ಕಟ್ಟಿದ್ದರಿಂದ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಮೊಸರನ್ನ, ಹಾಲನ್ನದಲ್ಲೇ ಬೆಳೆಯುವ ನಮ್ಮ ಕಡೆಯ ಬೆಕ್ಕುಗಳ ವಿಷಯದಲ್ಲಿ ಮೊದಲ ಫಲಿತಾಂಶವನ್ನು ವಿಶೇಷವಾಗಿ ಗಮನಿಸಬೇಕು. ಮಾಂಸಾಹಾರಿ ಪ್ರಾಣಿಗೆ ಬೇಕಾದ ಪೋಷಣೆ ತಟ್ಟೆಯಲ್ಲಿ ಸಿಗದಿದ್ದರೆ ಅದು ಹಿತ್ತಲಿನಲ್ಲಿ ಹುಡುಕುತ್ತದೆ. ಸಸ್ಯಾಹಾರಿ ಮನೆಯವರು ಬೆಕ್ಕು ಸಾಕುವ ಮೊದಲೇ ಈ ಮಾತನ್ನು ಯೋಚಿಸಿಕೊಳ್ಳುವುದು ಒಳ್ಳೆಯದು.

ಸಂತಾನಹರಣದ ಚಿಕಿತ್ಸೆ ಎರಡೂ ಪ್ರಾಣಿಗಳಿಗೆ ಅಗತ್ಯ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಲ್ಲದು, ಒಂಬತ್ತು ವಾರದಲ್ಲಿ ಮರಿ ಹಾಕುತ್ತದೆ, ವರ್ಷಕ್ಕೆ ಎರಡು ಮೂರು ಸೂಲು ಸಾಮಾನ್ಯ. ಒಂದು ಸಲವಾದರೂ ಮರಿ ಹಾಕಲಿ ಎಂದು ಕಾಯುವ ಮನೆಗಳಿಂದಲೇ ದೇವಸ್ಥಾನದ ಬಾಗಿಲಿಗೆ, ಮಾರುಕಟ್ಟೆಯ ಮೂಲೆಗೆ, ಊರಾಚೆಯ ತೋಪಿಗೆ ಗೋಣಿಚೀಲದ ಮರಿಗಳು ಬಂದು ಬೀಳುವುದು. ನಾಯಿಗೆ ಆರರಿಂದ ಎಂಟು ವಾರದಲ್ಲಿ ಡಿಸ್ಟೆಂಪರ್, ಪಾರ್ವೊ ಲಸಿಕೆ ಶುರುವಾಗಬೇಕು, ಮೂರು ತಿಂಗಳಿಗೆ ರೇಬಿಸ್, ಮುಂದೆ ವೈದ್ಯರು ಹೇಳಿದಂತೆ ಪುನರಾವರ್ತನೆ. ರೇಬಿಸ್ ಒಂದನ್ನೇ ಹಾಕಿಸಿ ನಿಲ್ಲಿಸುವುದು ನಮ್ಮಲ್ಲಿ ಸಾಮಾನ್ಯ. ಕಾಡಿನ ಪ್ರಾಣಿಗಳ ದೃಷ್ಟಿಯಿಂದ ಡಿಸ್ಟೆಂಪರ್ ಲಸಿಕೆಯೂ ಅಷ್ಟೇ ಮುಖ್ಯ. ಕಡಲದಡ, ಕೆರೆಯಂಗಳ, ಅಭಯಾರಣ್ಯದ ದಾರಿಗಳಲ್ಲಿ ಹಗ್ಗ ಬಿಚ್ಚಬಾರದು. ಆಂಧ್ರ ತೀರದಲ್ಲಿ ಜನವರಿಯಿಂದ ಮೇವರೆಗೆ, ಗೂಡುಗಳೂ ಮರಿಗಳೂ ಇರುವ ಕಾಲದಲ್ಲಿ, ರಾತ್ರಿ ನಾಯಿಯನ್ನು ದಡಕ್ಕೆ ಕರೆದೊಯ್ಯದಿರುವುದೇ ಸರಿ.

ಊರಿನ ಕೆಲಸ, ಕಾನೂನಿನ ಮಿತಿ

1990ರ ದಶಕದಲ್ಲಿ ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಭಾರತದ ರಣಹದ್ದುಗಳನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. ಹದ್ದುಗಳು ತಿನ್ನುತ್ತಿದ್ದ ಸತ್ತ ದನಗಳು ನಾಯಿಗಳ ಪಾಲಾದವು. 1992ರಿಂದ 2003ರ ನಡುವೆ ಇದರಿಂದಲೇ ಕನಿಷ್ಠ 55 ಲಕ್ಷ ನಾಯಿಗಳು ಹೆಚ್ಚಿದವೆಂದು ಒಂದು ಅಂದಾಜು ಹೇಳುತ್ತದೆ. 2006ರಲ್ಲಿ ಪಶುವೈದ್ಯದಲ್ಲಿ ಆ ಔಷಧ ನಿಷೇಧವಾಯಿತು, ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಧಾಮವಾಯಿತು. ಹದ್ದುಗಳ ಸಂಖ್ಯೆ ಮಾತ್ರ ಹಿಂದಿನಂತಾಗಿಲ್ಲ. ತೆರೆದು ಬಿಟ್ಟ ಆಹಾರ ಎಲ್ಲಿರುತ್ತದೆಯೋ ಅಲ್ಲಿ ನಾಯಿ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ. ಕೋಳಿ ಅಂಗಡಿಯ ತ್ಯಾಜ್ಯ, ಮೀನು ಮಾರುಕಟ್ಟೆಯ ಕರುಳು, ರೆಸಾರ್ಟುಗಳ ಎಂಜಲು ಇವುಗಳ ವಿಲೇವಾರಿ ವನ್ಯಜೀವಿ ರಕ್ಷಣೆಯ ಮೊದಲ ಕೆಲಸಗಳ ಸಾಲಿಗೆ ಸೇರಬೇಕು. ಲಡಾಖಿನಲ್ಲಿ ಶಿಬಿರಗಳ ಎಂಜಲಿನ ಮೇಲೆ ಹೆಚ್ಚಿದ ನಾಯಿಗಳು ಕಪ್ಪುಕತ್ತಿನ ಕ್ರೌಂಚದ ಮೊಟ್ಟೆ ಮರಿಗಳಿಗೆ ಕುತ್ತಾದದ್ದು ಇದೇ ನಿಯಮದ ಇನ್ನೊಂದು ರೂಪ.

ಬೀದಿನಾಯಿಗಳ ವಿಷಯದಲ್ಲಿ 2001ರ ಸಂತಾನ ನಿಯಂತ್ರಣ ನಿಯಮಗಳು, ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳು, ಹಿಡಿದು ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಕಿವಿಯಂಚಿಗೆ ಗುರುತು ಮಾಡಿ, ಹಿಡಿದ ಜಾಗದಲ್ಲೇ ಬಿಡಬೇಕೆನ್ನುತ್ತವೆ. ಒಂದು ಪ್ರದೇಶದ ನಾಯಿಗಳಲ್ಲಿ ಕನಿಷ್ಠ ಶೇ 70ಕ್ಕೆ ಕಡಿಮೆ ಅವಧಿಯಲ್ಲಿ ಚಿಕಿತ್ಸೆಯಾದರೆ ಮಾತ್ರ ಸಂಖ್ಯೆ ಇಳಿಯುತ್ತದೆ. ಬೆಂಗಳೂರಿನ ಪಾಲಿಕೆಯ 2023ರ ಸಮೀಕ್ಷೆಯಲ್ಲಿ ಬೀದಿನಾಯಿಗಳ ಸಂಖ್ಯೆ 2.79 ಲಕ್ಷ, 2019ರಲ್ಲಿ ಅದು 3.10 ಲಕ್ಷವಿತ್ತು; ಚಿಕಿತ್ಸೆಯಾದವುಗಳ ಪ್ರಮಾಣ ಶೇ 70ನ್ನು ದಾಟಿತ್ತು. ನಗರದ ಮಟ್ಟಿಗೆ ಇದು ಭರವಸೆಯ ಸಂಗತಿ. ವನ್ಯಜೀವಿಯ ಮಟ್ಟಿಗೆ ಒಂದು ತೊಡಕು ಉಳಿಯುತ್ತದೆ. ಚಿಕಿತ್ಸೆಯಾದ ನಾಯಿ ಮರಿ ಹಾಕುವುದಿಲ್ಲ, ಆದರೆ ಬದುಕಿರುವಷ್ಟು ವರ್ಷ ಆಮೆಗೂಡನ್ನು ಬಗೆಯಬಲ್ಲದು, ಜಿಂಕೆಮರಿಯನ್ನು ಅಟ್ಟಬಲ್ಲದು. ಗೂಡುಕಟ್ಟುವ ದಡಕ್ಕೂ ಅಭಯಾರಣ್ಯದ ಅಂಚಿಗೂ ಅದನ್ನು ಮರಳಿ ಬಿಡುವುದು ನ್ಯಾಯವಲ್ಲ. ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಂಥ ಜಾಗಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದೆಂದಿತು. ಅಭಯಾರಣ್ಯಗಳು, ಆಮೆಗಳ ದಡಗಳು, ಹುಲ್ಲುಗಾವಲಿನ ಮೀಸಲುಗಳು ಅಂಥ ಪಟ್ಟಿಗೆ ಸೇರಬೇಕು. ಅಲ್ಲಿಂದ ತಂದ ನಾಯಿಗಳಿಗೆ ಉಳಿದ ಆಯುಷ್ಯಕ್ಕೆ ಸಾಕಾಗುವಷ್ಟು ಆಶ್ರಯವನ್ನೂ ಕಟ್ಟಬೇಕು. ವಿಷವಿಡುವುದು, ಹೊಡೆದು ಕೊಲ್ಲುವುದು ಅಪರಾಧ, ಜೊತೆಗೆ ನಿಷ್ಫಲ. ತೆರವಾದ ಜಾಗಕ್ಕೆ ಪಕ್ಕದ ಬೀದಿಯ ನಾಯಿಗಳು ಬರುತ್ತವೆ, ವಿಷ ತಿಂದ ಹೆಣದಿಂದ ನರಿ, ಹದ್ದುಗಳೂ ಸಾಯುತ್ತವೆ.

ವನ್ಯಜೀವಿ ಕಾಯ್ದೆಯ 33ಎ ಕಲಮು ಅಭಯಾರಣ್ಯದ ಒಳಗೂ ಸುತ್ತ ಐದು ಕಿಲೋಮೀಟರಿನೊಳಗೂ ಇರುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ಲಸಿಕೆ ಹಾಕಿಸುವ ಹೊಣೆಯನ್ನು ಮುಖ್ಯ ವನ್ಯಜೀವಿ ಪಾಲಕರಿಗೆ ಕೊಟ್ಟಿದೆ. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಶಿಬಿರಗಳಲ್ಲಿಯೇ ಅಂಚಿನ ಹಳ್ಳಿಗಳ ನಾಯಿಗಳಿಗೂ ಡಿಸ್ಟೆಂಪರ್, ರೇಬಿಸ್ ಲಸಿಕೆ ಕೊಟ್ಟರೆ ಖರ್ಚು ಹೆಚ್ಚೇನೂ ಆಗದು.

ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೇ. ಮೊದಲ ಸಲದ ದಂಡ ಮಾತ್ರ ಈಗಲೂ 10ರಿಂದ 50 ರೂಪಾಯಿ. ಅರವತ್ತು ವರ್ಷಕ್ಕೂ ಹಳೆಯ ಈ ಮೊತ್ತ ಯಾರನ್ನೂ ತಡೆಯಲಾರದು. ನಾಯಿ ಮಾರಾಟಕ್ಕೆ 2017ರ, ಸಾಕುಪ್ರಾಣಿ ಅಂಗಡಿಗಳಿಗೆ 2018ರ ನಿಯಮಗಳಿವೆ. ನೋಂದಾಯಿಸದ ತಳಿಗಾರರ ಮೇಲೆ ಅವು ಜಾರಿಯಾದರೆ, ಪಾಲಿಕೆಗಳು ಪ್ರತಿ ಸಾಕುನಾಯಿಗೂ ಬೆಕ್ಕಿಗೂ ಮೈಕ್ರೋಚಿಪ್ ಇಟ್ಟು ಒಡೆಯರ ಹೆಸರಿನಲ್ಲಿ ನೋಂದಣಿ ಮಾಡಿದರೆ, ಕಡಲದಡದಲ್ಲೋ ಕಾಡಿನಂಚಿನಲ್ಲೋ ಸಿಕ್ಕಿದ ಪ್ರಾಣಿಯ ಮನೆ ಯಾವುದೆಂದು ಅದೇ ದಿನ ತಿಳಿಯುತ್ತದೆ. ಚಿಕಿತ್ಸೆ ಮಾಡಿಸಿದ ಪ್ರಾಣಿಗೆ ನೋಂದಣಿ ಶುಲ್ಕ ಕಡಿಮೆ, ಮಾಡಿಸದ್ದಕ್ಕೆ ಹೆಚ್ಚು ಎಂಬ ವ್ಯವಸ್ಥೆ ಹಲವು ದೇಶಗಳಲ್ಲಿ ಒಡೆಯರನ್ನು ಪಶುವೈದ್ಯರ ಬಾಗಿಲಿಗೆ ತಂದಿದೆ. ವಿಜಯವಾಡ, ವಿಶಾಖಪಟ್ಟಣ, ಬೆಂಗಳೂರು, ಮಂಗಳೂರಿನ ಪಾಲಿಕೆಗಳೂ ತಮ್ಮ ಶುಲ್ಕಪಟ್ಟಿಯನ್ನು ಹೀಗೆ ಬರೆದುಕೊಳ್ಳಬಹುದು.